ಅವಿಟಾಳ ಕಿವಿ

ಮೂರನೇ ಕ್ಲಾಸಿನ ನಡುವೆಯೇ ಮಗಳು ಅವಿಟಾಳನ್ನು ಶಾಲೆಯಿಂದ ಬಿಡಿಸಿ ತಾನೇ ಮನೆಯಲ್ಲಿ ಕಲಿಸುತ್ತೇನೆಂದು ಲೆತಿಶಾ ಮೊಂತೇರೊ ಹೊರಟಾಗ, ಆದಿತ್ಯವಾರ ಇಗರ್ಜಿಯ ಅಂಗಳದಲ್ಲಿ ಅದೇ ಮಾತು. ಅದು ೨೦೧೦ನೇ ಇಸವಿ. ಲೆತಿಶಾ ಮದುವೆಗೆ ಮೊದಲು ಎರಡು ವರ್ಷ ಟೀಚರಾಗಿದ್ದವಳು. ಗಂಡ ಆಲ್ಬನ್ ಬದಿಯಡ್ಕದಿಂದ ಪೆರ್ಲಕ್ಕೆ ಸರ್ವಿಸ್ ಜೀಪು ಓಡಿಸುತ್ತಿದ್ದ. ಒಂಬತ್ತು ವರ್ಷದ ಅವಿಟಾಳಿಗೆ ಪುಸ್ತಕದ ಅಕ್ಷರಗಳು ಒಂದರ ಮೇಲೊಂದು ಹತ್ತಿದ ಹಾಗೆ ಕಾಣುತ್ತಿದ್ದವು. ತರಗತಿಯಲ್ಲಿ ಓದಲು ನಿಲ್ಲಿಸಿದರೆ ಅಳುತ್ತಿದ್ದಳು.

ಮನೆಯಲ್ಲೂ ಮೊದಲ ಮೂರು ತಿಂಗಳು ಕಷ್ಟವೇ. ಬೆಳಿಗ್ಗೆ ಶಿಲುಬೆಯ ಗುರುತು ಮಾಡಿ, ಪ್ರಾರ್ಥನೆ ಹೇಳಿ ಪಾಠಕ್ಕೆ ಕೂತರೆ ಅರ್ಧ ಗಂಟೆಯೊಳಗೆ ತಾಯಿಯ ತಾಳ್ಮೆ ಮುಗಿಯುತ್ತಿತ್ತು. ತಪ್ಪು ಮಾಡಿದೆನೋ ಎಂದು ಲೆತಿಶಾ ಅಡುಗೆಮನೆಯಲ್ಲಿ ಒಬ್ಬಳೇ ಕಣ್ಣೊರೆಸಿಕೊಂಡದ್ದೂ ಉಂಟು.

ಒಂದು ಸಂಜೆ ಮೂವರೂ ಮೊಣಕಾಲೂರಿ ಜಪಮಾಲೆ ಹೇಳುತ್ತಿದ್ದರು. ಹಿತ್ತಲ ಬಾವಿಯಲ್ಲಿ ಪಂಪು ಓಡುತ್ತಿತ್ತು. ಅವಿಟಾ ತಟ್ಟನೆ ಎದ್ದು ನಿಂತಳು.

"ಮಮ್ಮಿ, ಪಂಪು ನೀರು ಎಳೀತಾ ಇಲ್ಲ. ಗಾಳಿ ನುಂಗ್ತಾ ಉಂಟು."

"ಪ್ರಾರ್ಥನೆ ಹೇಳುವಾಗ ಎಂತ ಮಾತು? ಕೂತ್ಕೋ!"

ಅವಳು ಕೂರಲಿಲ್ಲ. ಆಲ್ಬನ್ ಗೊಣಗುತ್ತಾ ಹೋಗಿ ನೋಡಿದರೆ ಟ್ಯಾಂಕಿಗೆ ಹನಿ ನೀರೂ ಬೀಳುತ್ತಿಲ್ಲ. ಇನ್ನು ಸ್ವಲ್ಪ ಹೊತ್ತು ಬಿಟ್ಟಿದ್ದರೆ ಮೋಟಾರೇ ಸುಟ್ಟುಹೋಗುತ್ತಿತ್ತು. "ನಮಗ್ಯಾರಿಗೂ ಗೊತ್ತಾಗಲಿಲ್ಲವಲ್ಲ, ನಿನಗೆ ಹೇಗೆ ಗೊತ್ತಾಯ್ತು?" ಎಂದು ಕೇಳಿದ್ದಕ್ಕೆ ಮಗಳೇ ಆಶ್ಚರ್ಯಪಟ್ಟಳು. "ನಿಮಗೆ ಕೇಳಲಿಲ್ವಾ?"

ಲೆತಿಶಾ ಆ ರಾತ್ರಿ ಜಪಮಾಲೆಯ ಉಳಿದ ಭಾಗವನ್ನು ಗಮನವಿಟ್ಟು ಹೇಳಲಿಲ್ಲ; ಮಗಳ ಕಿವಿಯದೇ ಯೋಚನೆ. ಮರುದಿನ ಪುಸ್ತಕ ಮುಚ್ಚಿಟ್ಟು ಮೇಜಿನ ಮೇಲೆ ಬೆರಳು ಬಡಿದಳು. 'ಕ'ಕ್ಕೆ ಒಂದು ಪೆಟ್ಟು, 'ಕಾ'ಕ್ಕೆ ಎರಡು, ಒತ್ತಕ್ಷರಕ್ಕೆ ಗಟ್ಟಿ ಪೆಟ್ಟು. ಹುಡುಗಿಯ ಮುಖ ಅರಳಿತು. ಒಂದೊಂದು ಪದವನ್ನೂ ಮೊದಲು ಬಡಿದು, ಆಮೇಲೆ ನೋಡಿ, ಆಮೇಲೆ ಓದುತ್ತಾ ವಾರದೊಳಗೆ ಆರು ಸಾಲಿನ ಒಂದು ಪಾಠ ಮುಗಿಸಿದಳು. ಲೆತಿಶಾ ಮಗಳನ್ನು ಎತ್ತಿಕೊಂಡು ಅಂಗಳದಲ್ಲಿ ಎರಡು ಸುತ್ತು ತಿರುಗಿದಳು. ಪಕ್ಕದ ಮನೆಯ ಹರಿಣಾಕ್ಷಿ ಬೇಲಿಯಾಚೆಯಿಂದ, "ಎಂತ ಮಾರಾಯ್ತಿ, ಲಾಟರಿ ಹೊಡೆಯಿತಾ?" ಎಂದು ಕೂಗಿದಳು.

ಅಲ್ಲಿಂದ ಕಲಿಕೆ ಮನೆಯ ಹೊರಗೂ ಹಬ್ಬಿತು. ಆಲ್ಬನ್ ಶನಿವಾರ ಜೀಪಿನ ಜತೆ ಮಗಳನ್ನೂ ಬದಿಯಡ್ಕದ ಜಯಪಾಲನ ವರ್ಕ್‌ಶಾಪಿಗೆ ಕರೆದೊಯ್ಯತೊಡಗಿದ. ಹದಿಮೂರು ತುಂಬುವ ಹೊತ್ತಿಗೆ ಅವಳು ಎಂಜಿನ್ನಿನ ಶಬ್ದ ಕೇಳಿಯೇ ಯಾವ ವಾಲ್ವ್ ಸಡಿಲವಾಗಿದೆ ಎಂದು ಹೇಳುತ್ತಿದ್ದಳು. ಜಯಪಾಲ ಮಾತ್ರ ನಗುತ್ತಿದ್ದ. "ಅದೃಷ್ಟ," ಎನ್ನುತ್ತಿದ್ದ.

ಆ ವರ್ಷ ಸುಕುಮಾರ ಎಂಬ ಡ್ರೈವರು ತನ್ನ ಖಾಸಗಿ ಬಸ್ಸನ್ನು ಮೂರನೇ ಸಲ ಅಲ್ಲಿಗೆ ತಂದ. ತಿರುವಿನಲ್ಲಿ ಗುರ್ ಎನ್ನುವ ಶಬ್ದ. ಜಯಪಾಲ ಹಿಂದಿನ ಬಲಚಕ್ರದ ಬೇರಿಂಗ್ ಬದಲಿಸಿದ್ದರೂ ಶಬ್ದ ನಿಂತಿರಲಿಲ್ಲ. ಅಂದು ಲೆತಿಶಾಳೂ ಪೇಟೆಗೆ ಬಂದಿದ್ದಳು.

"ಇವಳನ್ನು ಒಮ್ಮೆ ಕೂರಿಸಿ ನೋಡಿ," ಎಂದಳು. ಜಯಪಾಲನೂ ಜತೆಗೆ ಹತ್ತಿದ.

ಬಸ್ಸು ಪೆರ್ಲದ ರಸ್ತೆಯ ತಿರುವುಗಳನ್ನು ದಾಟಿತು. ಅವಿಟಾ ಹಿಂದಿನ ಸೀಟಿನ ಬಳಿ ನೆಲಕ್ಕೆ ಕಿವಿಯಿಟ್ಟು ಮಲಗಿದ್ದಳು.

"ಬಲಕ್ಕೆ ತಿರುಗುವಾಗ ಮಾತ್ರ ಶಬ್ದ ಬರ್ತದೆ. ಎಡಕ್ಕೆ ತಿರುಗಿದ್ರೆ ಇಲ್ಲ. ಬಲಕ್ಕೆ ತಿರುಗುವಾಗ ಭಾರ ಬೀಳುವುದು ಎಡದ ಚಕ್ರಕ್ಕೆ ಅಲ್ವಾ ಅಂಕಲ್? ಎಡದ್ದನ್ನು ಬಿಚ್ಚಿ!"

ಜಯಪಾಲ ವರ್ಕ್‌ಶಾಪಿಗೆ ಮರಳಿ ಎಡಚಕ್ರ ಬಿಚ್ಚಿದ. ಗ್ರೀಸು ಒರೆಸಿ ಬೇರಿಂಗನ್ನು ಬಿಸಿಲಿಗೆ ಹಿಡಿದಾಗ ಅದರೊಳಗಿನ ಉಕ್ಕಿನ ಉರುಳೆಯೊಂದರ ಮೈಯೆಲ್ಲ ಗುಳಿ ಬಿದ್ದಿತ್ತು. ಅವನು ಅದನ್ನು ಲೆತಿಶಾಳ ಅಂಗೈಯಲ್ಲಿಟ್ಟ.

"ನೋಡಿ ಬಾಯಮ್ಮ. ಇಪ್ಪತ್ತೈದು ವರ್ಷದಿಂದ ನಾನು ಇದೇ ಕೆಲಸ ಮಾಡ್ತಿರುವುದು. ಇನ್ನು ಅದೃಷ್ಟ ಅಂತ ಹೇಳುವುದಿಲ್ಲ."

ಸುಕುಮಾರ ಹಾರ್ನು ಬಾರಿಸಿ ಕುಣಿದ. ಲೆತಿಶಾಳ ಹೊಸ ಸೀರೆಗೆ ಗ್ರೀಸು ಹತ್ತಿತ್ತು, ಅವಳಿಗೆ ಅದರ ಪರಿವೆಯೇ ಇರಲಿಲ್ಲ.

ಹತ್ತನೇ ಕ್ಲಾಸಿನ ಪರೀಕ್ಷೆಯನ್ನು ಅವಿಟಾ ಖಾಸಗಿಯಾಗಿ ಕಟ್ಟಿದಳು. ವಿಜ್ಞಾನದಲ್ಲಿ ತೊಂಬತ್ತು, ಕನ್ನಡದಲ್ಲಿ ನಲವತ್ತೊಂದು. ಲೆತಿಶಾ ಇಗರ್ಜಿಯ ಅಂಗಳದಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದದ್ದು ಆ ನಲವತ್ತೊಂದನ್ನು! ಅಷ್ಟನ್ನೂ ಮಗಳು ಓದಿ ಗಳಿಸಿದ್ದಳಲ್ಲ.

೨೦೧೯ರಲ್ಲಿ ಅವಿಟಾ ಪಾಲಿಟೆಕ್ನಿಕ್ಕಿನಲ್ಲಿ ಆಟೊಮೊಬೈಲ್ ಡಿಪ್ಲೊಮಾದ ಕೊನೆಯ ವರ್ಷಕ್ಕೆ ಬಂದಿದ್ದಳು, ಆ ತರಗತಿಯಲ್ಲಿ ಒಬ್ಬಳೇ ಹುಡುಗಿ. ಲೆತಿಶಾಳ ಮೇಜಿನ ಸುತ್ತ ಆಗ ಓದಲು ತೊಡಕಿದ್ದ ನಾಲ್ಕು ಮಕ್ಕಳು ಕೂರುತ್ತಿದ್ದರು. ಅವರಲ್ಲಿ ಹರಿಣಾಕ್ಷಿಯ ಮೊಮ್ಮಗಳು ಅನ್ವಿತಾಳಿಗೆ ಬೆರಳಿನ ತಾಳ ಹಿಡಿಸಲೇ ಇಲ್ಲ. ಅವಳು ಮಣ್ಣಿನಲ್ಲಿ ಅಕ್ಷರ ಮೆತ್ತಿ ಕಲಿಯುತ್ತಿದ್ದಳು. "ಇವಳದ್ದು ಬೇರೆಯೇ ಎಂತದೋ ಉಂಟು," ಎನ್ನುತ್ತಾ ಲೆತಿಶಾ ಮತ್ತೊಂದು ಬುಟ್ಟಿ ಜೇಡಿಮಣ್ಣು ತರಲು ಹೊರಟಳು.