ಹಲ್ವೋರ್ ಹುಟ್ಟಿದ ಮನೆ

ಮೂವತ್ತೊಂದು ವರ್ಷ ಓಸ್ನೆ ಆ ಕಣಿವೆಯಲ್ಲಿ ಅಂಚೆ ಹಂಚಿದಳು. ಸರೋವರದ ದಡದ ದೊಡ್ಡ ಜಮೀನುಗಳಿಂದ ಹಿಡಿದು ಕಾಡಿನ ಮೇಲಿನ ಒಂಟಿ ಮನೆಗಳವರೆಗೆ ಒಂದೊಂದರ ಹೆಸರೂ ಅವಳಿಗೆ ಬಾಯಿಪಾಠ. ನಿವೃತ್ತಳಾದ ಮೇಲೆ ಜನ ತಮ್ಮ ಹಿರಿಯರ ಮೂಲ ಕೇಳಲು ಅವಳನ್ನು ಹುಡುಕಿಕೊಂಡು ಬರತೊಡಗಿದರು. ಅಮೆರಿಕದಿಂದ ಬಂದವರೂ ಅಜ್ಜನ ಹೆಸರು ಬರೆದ ಚೀಟಿ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಲ್ಲುತ್ತಿದ್ದರು. ಓಸ್ನೆ ಕಾಫಿ ಕೊಟ್ಟು, ಅವರು ಹೇಳುವುದನ್ನೆಲ್ಲ ಕೇಳಿ, ಕೊನೆಗೆ ಒಂದೇ ಮಾತು ಹೇಳುತ್ತಿದ್ದಳು: "ಹೆಸರು ನಂಬಬೇಡಿ. ಮನೆ ಎಲ್ಲಿತ್ತು ಅಂತ ಕೇಳಿ."

ಹಿಂದೆಲ್ಲ ಅಲ್ಲಿ ಮನುಷ್ಯ ಯಾವ ಜಮೀನಿನಲ್ಲಿ ಇರುತ್ತಿದ್ದನೋ ಅದರ ಹೆಸರೇ ಅವನಿಗೆ ಅಂಟುತ್ತಿತ್ತು. ಯಜಮಾನನ ಮಗನಿಗೂ ಅವನ ದನ ಮೇಯಿಸುವ ಆಳಿಗೂ ಚರ್ಚಿನ ಪುಸ್ತಕದಲ್ಲಿ ಒಂದೇ ಹೆಸರು.

ಊರಿಗೆಲ್ಲ ಹೇಳಿದ ಬುದ್ಧಿಯನ್ನು ಓಸ್ನೆ ತನ್ನ ಮನೆಗೆ ಮಾತ್ರ ಹೇಳಿಕೊಂಡಿರಲಿಲ್ಲ. ಅವರು ಸ್ಟ್ರಾಂಡ್ ಹೆಸರಿನವರು. ದಡದ ಮೇಲಿನ ಸ್ಟ್ರಾಂಡ್ ಜಮೀನು ನ್ಯಾಯವಾಗಿ ಮುತ್ತಜ್ಜ ಹಲ್ವೋರ್‌ಗೆ ಸೇರಬೇಕಾದದ್ದು, ಅವನ ತಮ್ಮನೇ ಮೋಸ ಮಾಡಿ ಅವನನ್ನು ಗುಡ್ಡದ ಕಲ್ಲುನೆಲಕ್ಕೆ ಅಟ್ಟಿದ ಎಂಬುದು ಅವಳು ತೊಟ್ಟಿಲಲ್ಲೇ ಕೇಳಿದ ಕಥೆ. ಅಪ್ಪ ಸಾಯುವವರೆಗೂ ಚರ್ಚಿನಲ್ಲಿ ಆ ಜಮೀನಿನವರು ಕೂರುವ ಬೆಂಚಿನತ್ತ ತಿರುಗಿ ನೋಡಲಿಲ್ಲ. ಅಪ್ಪನ ನಂತರ ಹಗೆಯನ್ನು ಜೋಪಾನ ಮಾಡಿದವನು ಅಣ್ಣ ತಾರ್ಯೆ. ಓಸ್ನೆಗೆ ಇಪ್ಪತ್ತೆರಡಾದಾಗ ಆ ಮನೆಯ ಐವಿನ್ ಅವಳನ್ನು ಕೇಳಿಕೊಂಡು ಬಂದ. ತಾರ್ಯೆ ಅವನನ್ನು ಅಂಗಳದಿಂದಲೇ ವಾಪಸು ಕಳಿಸಿದ.

"ಕಸ್ಕೊಂಡವರ ಮನೆಗೆ ಸೊಸೆಯಾಗಿ ಹೋಗ್ತೀಯಾ? ಹೋಗು. ಆಮೇಲೆ ಈ ಹೊಸ್ತಿಲು ತುಳೀಬೇಡ" ಎಂದಿದ್ದ.

ಅವಳು ಹೋಗಲಿಲ್ಲ. ಐವಿನ್ ಬೇರೆಯವಳನ್ನು ಮದುವೆಯಾದ. ಹೋದ ವರ್ಷ ಅವನು ತೀರಿಕೊಂಡಾಗ ಓಸ್ನೆ ಚರ್ಚಿನ ಕೊನೆಯ ಬೆಂಚಿನಲ್ಲಿ ಕೂತಿದ್ದು, ಎಲ್ಲರಿಗಿಂತ ಮೊದಲೇ ಎದ್ದು ಬಂದಳು.

ಈ ಚಳಿಗಾಲದಲ್ಲಿ ಊರಿನ ಜಮೀನುಗಳ ಚರಿತ್ರೆ ಅಚ್ಚಾಗುವುದಿತ್ತು. ತಮ್ಮ ಮನೆತನದ ಪುಟ ಬರೆಯಲು ಕೂತ ಓಸ್ನೆ, ಬೇರೆಯವರಿಗೆ ಮಾಡಿದಂತೆಯೇ, ಹಲ್ವೋರ್ ಹುಟ್ಟಿದ ಮನೆ ಹುಡುಕಿದಳು. ಚರ್ಚಿನ ಪುಸ್ತಕದ ದೀಕ್ಷಾಸ್ನಾನದ ಪುಟದಲ್ಲಿ ಅದು ಸ್ಪಷ್ಟವಾಗಿ ಬರೆದಿತ್ತು: ಸ್ಟ್ರಾಂಡ್‌ನ ಒಕ್ಕಲು ಊಲಾವ್‌ನ ಮಗ, ಮನೆ ಮೂಎನ್. ಹಳೆಯ ನಕ್ಷೆಯಲ್ಲಿ, ಸ್ಟ್ರಾಂಡ್‌ನ ಕಾಡಿನೊಳಗೆ, ಮೂಎನ್ ಎಂಬ ಚುಕ್ಕೆಯೂ ಸಿಕ್ಕಿತು. ಹಲ್ವೋರ್ ಆ ಜಮೀನಿನಲ್ಲಿ ಆಳಾಗಿ ದುಡಿದಿದ್ದ, ಬಿಟ್ಟು ಹೋಗುವಾಗ ಅದರ ಹೆಸರು ಹೊತ್ತುಕೊಂಡು ಹೋಗಿದ್ದ. ಅವನಿಂದ ಯಾರೂ ಏನನ್ನೂ ಕಸಿದುಕೊಂಡಿರಲಿಲ್ಲ.

ಮೂರು ದಿನ ಅವಳು ಆ ನಕ್ಷೆಯನ್ನು ಮಡಿಚಿಟ್ಟು, ಮತ್ತೆ ಬಿಡಿಸಿ ನೋಡಿದಳು. ಪುಟ ಬರೆಯದೆ ಬಿಟ್ಟರೆ ವೃದ್ಧಾಶ್ರಮದಲ್ಲಿರುವ ಎಂಬತ್ತಮೂರರ ಅಣ್ಣ ತನ್ನ ಕಥೆಯೊಂದಿಗೇ ಕಣ್ಣು ಮುಚ್ಚುತ್ತಾನೆ. ಹಾಗಾಗಲಿ ಎಂದು ದೇವರಲ್ಲಿ ಕೇಳಿಕೊಳ್ಳಲು ಹೊರಟರೆ, ಒಳಗಿನಿಂದ ಇನ್ನೊಂದು ದನಿ ಏಳುತ್ತಿತ್ತು: ಹೇಳು, ಅವನಿಗೂ ನೋಯಲಿ. ಆ ದನಿ ಕೇಳಿ ಅವಳಿಗೆ ತನ್ನ ಬಗ್ಗೆಯೇ ಭಯವಾಯಿತು.

ನಾಲ್ಕನೆಯ ದಿನ ಲೆಫ್ಸೆ ರೊಟ್ಟಿಗೆ ಬೆಣ್ಣೆ ಸಕ್ಕರೆ ಸವರಿ, ಮಡಿಚಿ ಕಟ್ಟಿಕೊಂಡು ವೃದ್ಧಾಶ್ರಮಕ್ಕೆ ಹೋದಳು.

"ಬಂದ್ಲಪ್ಪ ಅಂಚೆಯವಳು. ಇವತ್ತು ಯಾರ ಮನೆ ಕಾಗದ ನನಗೆ ತಂದೆ?" ಎಂದ ತಾರ್ಯೆ.

"ನಮ್ಮನೇದೇ, ಅಣ್ಣ."

ಅವಳು ನಕ್ಷೆಯನ್ನು ಅವನ ಹೊದಿಕೆಯ ಮೇಲೆ ಹರಡಿ ಬೆರಳಿಟ್ಟಳು. ಅವನು ಕನ್ನಡಕ ಏರಿಸಿದ. "ಏನಿದು, ಸೊಳ್ಳೆ ಕೂತಿದ್ಯಾ?"

"ಹಲ್ವೋರ್ ಹುಟ್ಟಿದ ಮನೆ. ಒಕ್ಕಲು ಮನೆ. ಅವನು ಯಜಮಾನನ ಮಗ ಅಲ್ಲ, ಆಳಿನ ಮಗ. ಹುಟ್ಟಿದ್ದು ಚರ್ಚಿನ ಪುಸ್ತಕದಲ್ಲಿದೆ."

"ಪಾದ್ರಿ ತಪ್ಪು ಬರೆದಿರ್ತಾನೆ."

"ಅವನ ಇಬ್ಬರು ತಂಗಿಯರೂ ಅದೇ ಮನೇಲಿ ಹುಟ್ಟಿದಾರೆ. ಮೂರು ಸಲ ತಪ್ಪು ಬರೀತಾನಾ?"

ತಾರ್ಯೆ ನಕ್ಷೆಯನ್ನು ಕಣ್ಣಿನ ಹತ್ತಿರಕ್ಕೆ ಎತ್ತಿಕೊಂಡ. ಹೊರಗೆ ಊಟದ ಗಾಡಿ ಬಂದು ನಿಂತು, ಮುಂದೆ ಹೋಯಿತು.

"ಅಪ್ಪಂಗೆ ಗೊತ್ತಿತ್ತಾ?"

"ಇಲ್ಲ ಅನ್ಸತ್ತೆ."

"ನಂಗೂ ಗೊತ್ತಿರ್ಲಿಲ್ಲ ಕಣೇ." ಆಮೇಲೆ, "ಹಾಗಾದ್ರೆ ಐವಿನ್..." ಎಂದ. ನಲವತ್ತೊಂಬತ್ತು ವರ್ಷಗಳಲ್ಲಿ ಆ ಹೆಸರು ಅವನ ಬಾಯಲ್ಲಿ ಬಂದದ್ದು ಅದೇ ಮೊದಲು.

"ಹೌದು" ಎಂದಳು ಓಸ್ನೆ. ಅವನಿಗೆ ನೋಯಲಿ ಎಂದುಕೊಂಡಿದ್ದಳು. ನೋವಾಯಿತು. ಅದರಿಂದ ಅವಳಿಗೆ ಯಾವ ಸಮಾಧಾನವೂ ಆಗಲಿಲ್ಲ.

"ಪುಟ ಬರೆದಿದ್ದೀಯಾ?"

"ಇಲ್ಲೇ ಇದೆ. ಬೇಡ ಅಂದ್ರೆ ಕಳಿಸಲ್ಲ."

"ಕಳಿಸು. ಅರವತ್ತು ವರ್ಷ ಊರೆಲ್ಲ ಕೂಗಿಕೊಂಡು ತಿರುಗಿದವನು ನಾನು. ಅದು ಸುಳ್ಳು ಅಂತ ಹೇಳೋದು ನಿನ್ನ ಬಾಯಿಂದ ಯಾಕೆ ಬರಬೇಕು? ಕೆಳಗೆ ನನ್ನ ಹೆಸರು ಹಾಕ್ತೀನಿ. ಸ್ಟ್ರಾಂಡ್‌ನವರೂ ಓದಲಿ."

ಅವನು ಪೆನ್ನಿಗಾಗಿ ಕೈಚಾಚಿದ. ಮೊದಲಕ್ಷರ ಗೆರೆಯಿಂದಾಚೆ ಜಾರಿತು. ಓಸ್ನೆ ಬಗ್ಗಿ, ಕಾಗದ ಅಲುಗದಂತೆ ಎರಡೂ ಕೈಯಿಂದ ಒತ್ತಿ ಹಿಡಿದಳು. ಅವನ ಕೈ ಹಿಡಿಯಲು ಅವಳಿಗೆ ಇನ್ನೂ ಮನಸ್ಸು ಬರಲಿಲ್ಲ.