ಕಾಮಕಸ್ತೂರಿಗೂ ಒಂದು ಪಥ್ಯ

ಕಾಮಕಸ್ತೂರಿ ಎಲೆ ತಿಂದು ಅಜ್ಜಿಯ ಬಿಪಿ ಇಳಿಯಿತು ಎಂದು ನಮ್ಮ ಬಳಗದಲ್ಲೆಲ್ಲ ಹೇಳುತ್ತಾರೆ. ಬಳ್ಳಾರಿಯ ನಮ್ಮ ಮನೆಯಲ್ಲಿ ಅಮ್ಮ ಹೇಳುತ್ತಾಳೆ. ಕುರುಗೋಡಿನಲ್ಲಿ ಅಜ್ಜಿಯ ಜೊತೆಗಿರುವ ಅತ್ತೆಯಂತೂ ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹೇಳುತ್ತಾಳೆ. ಆ ಎಲೆಯನ್ನು ಅಡುಗೆಮನೆಗೆ ತಂದವಳು ನಾನು, ಹಾಗಾಗಿ ತಕರಾರು ತೆಗೆಯುವ ಹಕ್ಕೂ ನನ್ನದೇ. ಒಂದೇ ತಿಂಗಳಲ್ಲಿ ಅಜ್ಜಿ ಗುಳಿಗೆಯನ್ನು ತಪ್ಪದೆ ನುಂಗತೊಡಗಿದಳು, ಉಪ್ಪನ್ನು ಅರ್ಧಕ್ಕಿಳಿಸಿದಳು, ಎಲೆಯನ್ನೂ ತಿಂದಳು. ಮೂವರು ಸೇರಿ ಕಲ್ಲೆತ್ತಿದರೆ ಒಬ್ಬರಿಗೆ ಮಾತ್ರ ಹಾರ ಹಾಕುವುದು ಯಾವ ನ್ಯಾಯ?

ಡಾಕ್ಟರು ಉಪ್ಪು ಕಡಿಮೆ ಮಾಡಿ ಅಂದಿದ್ದರು. ಅಜ್ಜಿ ಊಟವನ್ನೇ ಕಡಿಮೆ ಮಾಡಿದಳು. ಅತ್ತೆ ಅವಳಿಗೆಂದು ಬೇರೆ ಪಾತ್ರೆಯಲ್ಲಿ ಸಪ್ಪೆ ಬೇಳೆ ಮಾಡಿಟ್ಟರೆ, "ಇದನ್ನ ಎಮ್ಮಿ ಮುಂದ ಇಡು, ಅದೂ ಮೂಸಿ ನೋಡಿ ಮಾರಿ ತಿರುಗಸ್ತೈತಿ" ಅನ್ನುತ್ತಿದ್ದಳು. ಹಸಿದ ಹೊಟ್ಟೆಯಲ್ಲಿ ಗುಳಿಗೆ ಹೇಗೆ ನುಂಗಲಿ ಎಂಬ ನೆಪ ಬೇರೆ. ನಾನು ಹೋಗಿ ನೋಡಿದಾಗ ಕುಪ್ಪಸದ ತೋಳು ಸಡಿಲವಾಗಿ ಜೋತಾಡುತ್ತಿತ್ತು. ಹೀಗೇ ಬಿಟ್ಟರೆ ಹಾಸಿಗೆ ಹಿಡಿಯುತ್ತಾಳೆ ಅನ್ನಿಸಿತು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಬಹುಮಾನ ತಂದವಳಲ್ಲವೆ ನಾನು, ರಕ್ತನಾಳದಿಂದ ಶುರುಮಾಡಿ ಅರ್ಧ ಗಂಟೆ ವಾದಿಸಿದೆ. ಅಜ್ಜಿ ಪೂರ್ತಿ ಕೇಳಿ, "ಅಲ್ಲಿ ಹೊತ್ತಾತಂದ್ರ ಗಂಟಿ ಬಾರಿಸ್ತಾರಂತಲ್ಲ ಯವ್ವಾ, ಇಲ್ಲಿ ಬಾರಿಸೋರು ಯಾರೂ ಇಲ್ಲೇನು?" ಅಂದಳು.

ಆ ವಾರವೇ ಬಳ್ಳಾರಿಯ ಕಂಟೋನ್ಮೆಂಟಿನ ಒಂದು ಅಂಗಡಿಯಲ್ಲಿ ಗೆಳತಿಯ ಜೊತೆ ಪಿಜ್ಜಾ ತಿನ್ನುತ್ತಿದ್ದೆ. ಮೇಲಿದ್ದ ಹಸಿರೆಲೆಯನ್ನು ಕಚ್ಚಿದೊಡನೆ ಗುರುತು ಸಿಕ್ಕಿತು. ಅಜ್ಜಿ ಮುಂಜಾನೆ ಕನಕಾಂಬರದ ನಡುನಡುವೆ ಸೇರಿಸಿ ಮಾಲೆ ಕಟ್ಟುವ ಎಲೆಯ ವಾಸನೆಯೇ ಅದು. ಅವರು ಬೇಸಿಲ್ ಅನ್ನುವುದು ನಮ್ಮ ಕಾಮಕಸ್ತೂರಿಯನ್ನೇ. ಅದರಲ್ಲಿ ಉಪ್ಪಿನ ಕೊರತೆ ಮರೆಸುವಷ್ಟು ಘಮ ಇತ್ತು. ಮನೆಗೆ ಬಂದು ಪ್ರಯೋಗಕ್ಕೆಂದು ಒಗ್ಗರಣೆಗೆ ಹಾಕಿದೆ. ಎಲೆ ಕಪ್ಪಾಯಿತು, ಘಮವೂ ಹಾರಿಹೋಯಿತು. ತಪ್ಪು ಎಲ್ಲಿ ಎಂದು ಹೊಳೆಯಲಿಲ್ಲ. ಆದರೂ ಶನಿವಾರ ಕುರುಗೋಡಿನ ಬಸ್ಸು ಹತ್ತಿದೆ.

ಹಿತ್ತಲಲ್ಲಿ ಗಿಡ ಮೊಣಕಾಲೆತ್ತರ ಬೆಳೆದಿತ್ತು. ಒಂದು ಕುಡಿ ಚಿವುಟುವಷ್ಟರಲ್ಲಿ ಅಜ್ಜಿ ತಡೆದಳು.

"ದೇವರ ಕೊಳ್ಳಾಗ ಹಾಕೋದನ್ನ ಬ್ಯಾಳಿಯಾಗ ಹಾಕ್ತೀಯೇನು?"

"ತುಳಸಿನೂ ದೇವರ ಕೊಳ್ಳಾಗ ಇರ್ತೈತಿ ಅಜ್ಜಿ. ತೀರ್ಥದಾಗ ಹಾಕಿ ಕುಡಿಯಂಗಿಲ್ಲೇನು?"

"ಅದು ಪ್ರಸಾದ."

"ಹಂಗಾರ ಇದನ್ನೂ ಮೊದಲು ದೇವರ ಮುಂದ ಇಡ್ತೀನಿ. ಪ್ರಸಾದ ಒಲ್ಲೆ ಅಂತೀಯೇನು?"

ತಡೆದ ಕೈಯನ್ನು ಅಜ್ಜಿ ಹಿಂದೆ ತೆಗೆದಳು. ಗೆದ್ದೆ ಅಂದುಕೊಂಡೆ. ಅಷ್ಟರಲ್ಲಿ ಅವಳು ಬೆರಳು ಮಡಚುತ್ತ ಶುರುಮಾಡಿದಳು. "ಪ್ರಸಾದ ಅಂದ ಮ್ಯಾಲ ಒಲಿ ಮ್ಯಾಲ ಏರಂಗಿಲ್ಲ. ಎಣ್ಣಿಯಾಗ ಹುರಿಯಂಗಿಲ್ಲ. ಚಾಕು ಮುಟ್ಟಸಂಗಿಲ್ಲ, ಮಿಕ್ಸಿಗೆ ಹಾಕಂಗಿಲ್ಲ. ಈಗ ಹೆಂಗ ಅಡಗಿ ಮಾಡ್ತಿ, ಮಾಡು ನೋಡೋಣು."

ಬಾಗಿಲೆಲ್ಲ ಹಾಕಿದೆ ಎಂದು ಅವಳಿಗೆ ಖುಷಿ. ನನಗೆ ಆಗಲೇ ನನ್ನ ಒಗ್ಗರಣೆಯ ತಪ್ಪು ತಿಳಿದದ್ದು, ಎಲೆಯನ್ನು ಒಲೆಗೆ ಒಡ್ಡಲೇಬಾರದಿತ್ತು. ಟೊಮ್ಯಾಟೊ ಪಪ್ಪು ಮಾಡಿದೆ. ಬೇಳೆ, ಟೊಮ್ಯಾಟೊ, ಹಸಿಮೆಣಸಿನಕಾಯಿ ಕುದಿಸಿ, ಉಪ್ಪು ಅರ್ಧ ಹಾಕಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು ಪಾತ್ರೆಯನ್ನು ಕೆಳಗಿಳಿಸಿದೆ. ಕುದಿ ನಿಂತ ಮೇಲೆ ಅರ್ಧ ನಿಂಬೆಹಣ್ಣು ಹಿಂಡಿದೆ. ಕೊನೆಗೆ ದೇವರ ಮುಂದಿನ ಎಲೆಯನ್ನು ಕೈಯಿಂದಲೇ ಹರಿದು ಮೇಲೆ ಉದುರಿಸಿ ಮುಚ್ಚಿಟ್ಟೆ. ಮುಚ್ಚಳ ತೆಗೆದಾಗ ಪಡಸಾಲೆಯಲ್ಲಿದ್ದ ಅತ್ತೆ ಎದ್ದು ಬಂದಳು.

ಅಜ್ಜಿ ರೊಟ್ಟಿ ಮುರಿದು ಅದ್ದಿ ತಿಂದು, ನನ್ನನ್ನು ದುರುಗುಟ್ಟಿ ನೋಡಿದಳು. "ಉಪ್ಪು ಸುರಿದೀಯಲ್ಲ, ಖೋಡಿ."

"ಅರ್ಧ ಹಾಕೀನಿ."

"ಸುಳ್ಳು."

ಸುಳ್ಳು ಅನ್ನುತ್ತಲೇ ಎರಡು ರೊಟ್ಟಿ ಮುಗಿಸಿದಳು. ಹೊಟ್ಟೆ ತುಂಬಿತ್ತು, ಗುಳಿಗೆ ಬೇಡ ಅನ್ನಲು ನೆಪ ಉಳಿಯಲಿಲ್ಲ. ಅಂದಿನಿಂದ ಸೌತೆಕಾಯಿ ಕೋಸಂಬರಿಗೂ ಎಲೆ, ಮಜ್ಜಿಗೆಗೂ ಎಲೆ. ಮುಂದಿನ ತಿಂಗಳು ಡಾಕ್ಟರು ಬಿಪಿ ನೋಡಿ ಭೇಷ್ ಅಂದರಂತೆ. ಹಸಿರೆಲೆ ಒಳ್ಳೆಯದೇ, ಆ ಬಗ್ಗೆ ನನ್ನ ತಕರಾರಿಲ್ಲ. ಆದರೆ ಊಟಕ್ಕೆ ಏಳೆಂಟು ಎಲೆ ಬಿಪಿಯನ್ನು ಇಳಿಸಿತು ಅನ್ನಲು ನನ್ನ ಬಳಿ ಪುರಾವೆ ಇಲ್ಲ. ಅದು ಕಡಿಮೆ ಉಪ್ಪಿನ ಊಟವನ್ನು ಒಪ್ಪಿಸಿತು, ಅಷ್ಟನ್ನು ಪ್ರಮಾಣ ಮಾಡಿ ಹೇಳಬಲ್ಲೆ.

ಈ ವ್ಯತ್ಯಾಸವನ್ನು ಎತ್ತಿ ಹೇಳುವುದು ಬರೀ ನನ್ನ ವಾದದ ಚಟವಲ್ಲ ಎಂಬುದು ಮೊನ್ನೆ ಗೊತ್ತಾಯಿತು. ನಾನು ಕುರುಗೋಡಿಗೆ ಹೋದಾಗ ರಾರಾವಿಯಿಂದ ಅಜ್ಜಿಯ ತಂಗಿ ಬಂದಿದ್ದಳು. ಅವಳಿಗೂ ಬಿಪಿ. ಅತ್ತೆಯ ಮಾತು ಕೇಳಿ ಎಂಟು ದಿನದಿಂದ ಗುಳಿಗೆ ಬಿಟ್ಟು, ಮುಂಜಾನೆ ಎಲೆ ಅಗಿಯುತ್ತ, ಊಟಕ್ಕೆ ಎಂದಿನಂತೆ ಉಪ್ಪಿನಕಾಯಿ ಹಚ್ಚಿಕೊಳ್ಳುತ್ತಿದ್ದಳಂತೆ. ಎಲೆ ಔಷಧವಲ್ಲ ಎಂದು ವಾದಕ್ಕಿಳಿದೆ. "ನೀ ಏನು ಡಾಕ್ಟರೇನವ್ವಾ? ನಿಮ್ಮಜ್ಜಿ ತಿಂದು ಆರಾಮಾಗಿಲ್ಲೇನು?" ಎಂದು ಒಂದೇ ಮಾತಿಗೆ ನನ್ನನ್ನು ಕೂರಿಸಿದಳು. ಸಾಕ್ಷಿ ಎದುರಿಗೇ ಕೂತು ಹೂ ಬಿಡಿಸುತ್ತಿದ್ದಳಲ್ಲ.

ಅಜ್ಜಿ ತಲೆ ಎತ್ತದೆ ತಂಗಿಗೆ ಹೇಳಿದಳು. "ಬರೇ ಎಲಿ ತಿಂದ್ರ ಹತ್ತಂಗಿಲ್ಲಲೇ. ಅದಕ್ಕ ಪಥ್ಯ ಐತಿ."

"ಏನು ಪಥ್ಯ?"

"ಉಪ್ಪು ಅರ್ಧ. ಉಪ್ಪಿನಕಾಯಿ ಬಂದ್. ದಿನಾ ಗುಳಿಗಿ ನುಂಗಿದ ಮ್ಯಾಲನ ಎಲಿ. ಗುಳಿಗಿ ತಪ್ಪಿತೋ, ಎಲಿ ಮೈಗೆ ತಿರುಗಿ ಬೀಳ್ತೈತಿ."

"ಎಂಟು ದಿನ ತಪ್ಪೈತಲ್ಲಕ್ಕಾ?"

"ಇವತ್ತು ಹೋಗೋ ಮುಂದ ಸಿರುಗುಪ್ಪದಾಗ ಇಳಿದು ಡಾಕ್ಟರ್‌ಗೆ ಖರೇ ಹೇಳು. ಅವರು ಹೂಂ ಅನ್ನೋತನಕ ಎಲಿ ಮುಟ್ಟಬ್ಯಾಡ."

ತಂಗಿ ಬಾಯಲ್ಲಿದ್ದ ಎಲೆಯನ್ನು ಹಿತ್ತಲಿಗೆ ಹೋಗಿ ಉಗುಳಿ ಬಂದಳು. ಮಧ್ಯಾಹ್ನದ ಬಸ್ಸಿಗೇ ಹೊರಟಳು. ಸಂಜೆ ಫೋನು ಬಂತು. ಡಾಕ್ಟರು ಬೈದರಂತೆ, ಮತ್ತೆ ಗುಳಿಗೆ ಶುರುಮಾಡಿಸಿದರಂತೆ. ನಾನು ವಾದಿಸಿ ಸೋತ ಕಡೆ ಅಜ್ಜಿ ನಾಲ್ಕು ಮಾತಿನಲ್ಲಿ ಮುಗಿಸಿದ್ದಳು, ಅದೂ ನಾನು ಒಪ್ಪದ ಆಧಾರದ ಮೇಲೆ.

ಫೋನು ಇಟ್ಟು ಅಜ್ಜಿಯ ಎದುರು ಕೂತೆ.

"ಅಜ್ಜಿ, ಆ ಪಥ್ಯ ನಿನಗ ಯಾರು ಹೇಳಿದ್ರು? ಎಲಿಯಿಂದನ ಬಿಪಿ ಇಳೀತಂತ ನೀ ಖರೇ ನಂಬೀಯೇನು, ಇಲ್ಲಾ ಅವರೆಲ್ಲ ನಂಬಲಿ ಅಂತ ಸುಮ್ಮನಿದ್ದೀಯೇನು?"