ಅಕ್ಕನ ಬಸ್ಸುಗಳು

ನೆಲ್ಯಾಡಿಯಲ್ಲಿ ಬೆಳಿಗ್ಗೆ ಒಂಬತ್ತಕ್ಕೆ, ಊರವರೆಲ್ಲ ಕೆಲಸಕ್ಕೆ ಹೋಗುವ ಹೊತ್ತಿಗೆ, ಒಬ್ಬ ಗಂಡಸು ಅಂಗಳದಲ್ಲಿ ಮಗುವಿನ ಬಟ್ಟೆ ಒಣಗಲು ಹಾಕುತ್ತಿದ್ದರೆ ಜನ ಕೇಳದೆ ಬಿಡುತ್ತಾರಾ? ರಬ್ಬರ್ ಹಾಲು ತೆಗೆದು ಬರುವ ಪಕ್ಕದ ಮನೆಯವರು ದಿನಾ ಕೇಳುತ್ತಿದ್ದರು: "ಎಂತ, ಇವತ್ತು ರಜೆಯಾ?" ನಾನು "ಹೌದು, ರಜೆ" ಎನ್ನುತ್ತಿದ್ದೆ. ಮೂರು ವರ್ಷದ ರಜೆ ಯಾವ ಕೆಲಸದಲ್ಲಿ ಸಿಗುತ್ತದೆ ಎಂದು ಅವರು ಕೇಳಲಿಲ್ಲ, ಅದು ಅವರ ದೊಡ್ಡ ಗುಣ.

ನಾನು ಬೋರ್ಡ್ ಬರೆಯುತ್ತಿದ್ದವ. ಅಂಗಡಿ, ಜೀಪು, ಬಸ್ಸು, ಎಲ್ಲ ಬರೆದಿದ್ದೇನೆ. ಫ್ಲೆಕ್ಸ್ ಬಂತು, ಬ್ರಷ್ಷು ಒಣಗಿತು. ಹೆಂಡತಿಗೆ ಪುತ್ತೂರಿನ ಆಸ್ಪತ್ರೆಯಲ್ಲಿ ನರ್ಸ್ ಕೆಲಸ. ಮಗಳು ಹುಟ್ಟಿದ ಮೇಲೆ ಯಾರು ಮನೆಯಲ್ಲಿ ಇರುವುದು ಎಂಬುದಕ್ಕೆ ದೊಡ್ಡ ಚರ್ಚೆ ಬೇಕಾಗಲಿಲ್ಲ. ಗಂಜಿ ಬೇಯಿಸಲು ಕಲಿತೆ, ಜುಟ್ಟು ಕಟ್ಟಲು ಕಲಿತೆ. ನಾಚಿಕೆ ಮಾತ್ರ ಹೋಗಲಿಲ್ಲ.

ಮಗಳು ಮಧ್ಯಾಹ್ನ ಮಲಗಿದಾಗ ಹಲಗೆ ತುಂಡುಗಳ ಮೇಲೆ ಹಳೆಯ ಬಸ್ಸುಗಳ ಚಿತ್ರ ಬರೆಯತೊಡಗಿದೆ. ಒಂದು ಕಾಲದಲ್ಲಿ ನಾನೇ ಬಣ್ಣ ಕೊಟ್ಟ, ಈಗ ರಸ್ತೆಯಲ್ಲಿ ಇಲ್ಲದ ಬಸ್ಸುಗಳು. ಹೆಂಡತಿ ಫೋಟೋ ತೆಗೆದು ಆನ್‌ಲೈನಿನಲ್ಲಿ ಒಂದು ಪುಟ ತೆರೆದಳು. ನನ್ನ ಹೆಸರು ಬೇಡ, ನಿನ್ನದೇ ಇರಲಿ ಎಂದವನು ನಾನೇ. ವಾರದೊಳಗೆ ಒಂದು ಮೆಸೇಜು ಬಂತು: "ಅಕ್ಕಾ, ಈ ಬಸ್ಸಿನಲ್ಲೇ ನಾನು ಕಾಲೇಜಿಗೆ ಹೋದದ್ದು. ನನಗೊಂದು ಬೇಕು." "ಆಯಿತು ತಮ್ಮಾ" ಎಂದು ಬರೆದೆ. ಅಲ್ಲಿಗೆ ನಾನು ಅಕ್ಕನಾದೆ. ದುಬೈಯಿಂದ, ಮಸ್ಕತ್ತಿನಿಂದ ಎಲ್ಲ ತಮ್ಮಂದಿರು ಹುಟ್ಟಿಕೊಂಡರು.

ಹೆಂಡತಿ ಮೊದಮೊದಲು ನಕ್ಕು ಸುಸ್ತಾದಳು. ಆಮೇಲೆ ಒಂದು ದಿನ ನಗದೆ ಹೇಳಿದಳು: "ಇದು ನನ್ನ ಗಂಡ ಮಾಡುದು ಅಂತ ನಾನು ಆಸ್ಪತ್ರೆಯಲ್ಲಿ ಎಲ್ಲರಿಗೂ ಹೇಳುದುಂಟು. ನಿಮಗೆ ಯಾರ ಹೆದರಿಕೆ?" ನಾನು ಮಗಳ ಜುಟ್ಟು ಬಿಚ್ಚಿ ಮತ್ತೆ ಕಟ್ಟತೊಡಗಿದೆ.

ಮಸ್ಕತ್ತಿನ ತಮ್ಮಂದಿರಲ್ಲಿ ಒಬ್ಬರು ಪುತ್ತೂರಿನ ಹತ್ತಿರದ ಕಬಕದವರು, ನಮ್ಮ ಕಡೆಯ ಬ್ಯಾರಿ ಮುಸ್ಲಿಮರು. ಮೊದಲ ಸಲ ಗಲ್ಫಿಗೆ ಹೊರಟ ದಿನ ಕಬಕದಲ್ಲಿ ಹತ್ತಿದ ಬಸ್ಸನ್ನು ಬರೆಸಿಕೊಂಡಿದ್ದರು. ರಜೆಯಲ್ಲಿ ಊರಿಗೆ ಬಂದವರು ಪಾರ್ಸೆಲಿನ ಮೇಲಿದ್ದ ವಿಳಾಸ ಹಿಡಿದು, ಹೇಳದೆ ಕೇಳದೆ, ಹೆಂಡತಿಯೊಡನೆ ಮನೆಗೇ ಬಂದುಬಿಟ್ಟರು. ನೋಡಿದರೆ ನನ್ನಿಂದ ಹತ್ತು ವರ್ಷಕ್ಕೆ ದೊಡ್ಡವರು. ನನ್ನ ಸೊಂಟದಲ್ಲಿ ಮಗಳು, ಕೈಯಲ್ಲಿ ಸೌಟು.

"ಅಕ್ಕ ಇಲ್ವಾ?"

"ಡ್ಯೂಟಿಗೆ ಹೋಗಿದ್ದಾಳೆ." ಸುಳ್ಳೇನಲ್ಲವಲ್ಲ.

ಅಕ್ಕನಿಗೆಂದು ತಂದ ಖರ್ಜೂರದ ಡಬ್ಬ, ಒಂದು ಹಸಿರು ಶಾಲು ಕುರ್ಚಿಯ ಮೇಲೆ ಇಟ್ಟರು. ಹೊರಡುವಾಗ ಹೇಳಿದರು: "ಆ ಬಸ್ಸಿನ ಹಿಂದಿನ ಗಾಜಿನಲ್ಲಿ ಒಂದು ಬಿರುಕು ಇತ್ತು. ಅಕ್ಕ ಅದನ್ನೂ ಬರೆದಿದ್ದಾರೆ. ಅವರಿಗೆ ಹೇಗೆ ಗೊತ್ತು ಮಾರಾಯ್ರೆ?"

ಶಾಲು ಬೇಕಾದರೆ ಅಕ್ಕನಿಗೆ ಹೋಗಲಿ, ಆ ಬಿರುಕನ್ನು ಬಿಟ್ಟುಕೊಡಲು ನನ್ನಿಂದ ಆಗಲಿಲ್ಲ. "ಆ ಗಾಜಿನ ಕೆಳಗೆ ಕೂತು ಎರಡು ದಿನ ಬಣ್ಣ ಕೊಟ್ಟವ ನಾನು. ಅಕ್ಕ ನಾನೇ" ಎಂದೆ.

ಅವರು ನನ್ನ ಸೌಟನ್ನು ನೋಡಿದರು. ನಗುತ್ತಾರೆ ಎಂದುಕೊಂಡೆ. ಅವರು ಕೂತರು. "ನಾನು ಅಲ್ಲಿ ಅಡಿಗೆಯವ. ಊರಲ್ಲಿ ಸೂಪರ್‌ವೈಸರ್ ಅಂತ ಹೇಳಿಟ್ಟದ್ದು" ಎಂದರು.

ಅವರ ಹೆಂಡತಿ ಖರ್ಜೂರದ ಡಬ್ಬ ತೆರೆದು ನನ್ನ ಮಗಳ ಕೈಗೆ ಒಂದು ಕೊಟ್ಟರು. "ಇಡೀ ಕಬಕಕ್ಕೆ ಗೊತ್ತುಂಟು" ಎಂದರು ಗಂಡನಿಗೆ. "ನಿಮಗೆ ಬೇಜಾರಾಗುದು ಬೇಡ ಅಂತ ಯಾರೂ ಕೇಳುದಿಲ್ಲ, ಅಷ್ಟೇ."

ಅವತ್ತು ನನ್ನ ಗಂಜಿಯನ್ನು ಅವರಿಬ್ಬರೂ ಉಂಡರು. ಉಪ್ಪು ಸ್ವಲ್ಪ ಕಡಿಮೆ ಎಂದರು ಅಡಿಗೆಯವರು.

ಮರುದಿನ ಬಟ್ಟೆ ಹಾಕುವಾಗ ಪಕ್ಕದ ಮನೆಯವರು ಬಕೆಟ್ ಹಿಡಿದು ಬಂದರು. "ಎಂತ, ರಜೆಯಾ?"

"ಇಲ್ಲ, ಕೆಲಸ ಉಂಟು. ಮಗಳನ್ನು ನೋಡಿಕೊಳ್ಳುದು, ಮತ್ತೆ ಬಸ್ಸಿನ ಚಿತ್ರ ಬರೆಯುದು."

ಅವರು ಬಕೆಟ್ ಕೆಳಗಿಟ್ಟರು. "ಅದು ಗೊತ್ತುಂಟು. ನನ್ನ ಭಾವನಿಗೆ ಒಂದು ಬೇಕಿತ್ತು. ನಿಮ್ಮಲ್ಲಿ ಕೇಳುದು ಹೇಗೆ ಅಂತ ಒಂದು ವರ್ಷದಿಂದ ನೋಡ್ತಾ ಇದ್ದೇನೆ."